ಲೋಹಕ್ಕೂ ಜಾತಿ ಇದ್ಯಾ? ‘ಸ್ಪೀಸಿಯೇಶನ್’ಗೆ ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಮಂಡ್ಯ ಕಡೆಯ ರೈತರಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪಟ್ಟಣದ ಕೊಳಚೆ ನೀರನ್ನು ಶುದ್ಧ ಮಾಡಿದ ಮೇಲೆ ತಳದಲ್ಲಿ ಕಪ್ಪಗೆ ಗಸಿ ಉಳಿಯುತ್ತದಲ್ಲ, ಅದನ್ನು ಗದ್ದೆಗೆ ಗೊಬ್ಬರವಾಗಿ ಹಾಕಬಹುದಾ, ಅದರಲ್ಲಿರುವ ಸತು, ತಾಮ್ರ, ಸೀಸ, ಕ್ಯಾಡ್ಮಿಯಂ ಪೈರಿಗೆ ಏರುತ್ತವಾ ಅನ್ನುವುದು ವಿಷಯ. ಈ ವಿಷಯ ಎತ್ತಿದರೆ ಸಾಕು, ‘ಸ್ಪೀಸಿಯೇಶನ್’ ಎಂಬ ಪದ ಕಾಲಿಗೆ ತೊಡರುತ್ತದೆ. ಅಂದರೆ ಲೋಹ ಯಾವ ರಾಸಾಯನಿಕ ರೂಪದಲ್ಲಿದೆ ಎಂದು ಗುರುತಿಸುವುದು. ನನಗೆ ಸಿಕ್ಕ ಪದಪಟ್ಟಿಯಲ್ಲಿ ‘ಪ್ರಭೇದೀಕರಣ’ ಎಂದಿದೆ. ಅದು ಜೀವಶಾಸ್ತ್ರದ್ದು, ಒಂದು ಜೀವಿಯಿಂದ ಇನ್ನೊಂದು ಕವಲೊಡೆಯುವುದು. ಇರಲಿ ಅಂತ ಮೊದಲ ಕರಡಿನಲ್ಲಿ ‘ಲೋಹಗಳ ಜಾತಿ ನಿರ್ಣಯ’ ಎಂದು ಬರೆದುಬಿಟ್ಟೆ. ಮದ್ದೂರು ಹತ್ತಿರದ ನಮ್ಮ ಚಿಕ್ಕಪ್ಪನಿಗೆ ಓದಿ ಹೇಳಿದರೆ, ‘ಅಲ್ಲ ಕಣ್ಲಾ, ಲೋಹಕ್ಕೂ ಜಾತಿ ತಂದ್ಬುಟ್ರಾ?’ ಎಂದರು. ಆ ಹಾಳೆ ಅಲ್ಲೇ ಹರಿದೆ.

ಚಿಕ್ಕಪ್ಪ ತಮಾಷೆಗೆ ಅಂದಿದ್ದು. ಆದರೆ ಯೋಚಿಸಿದರೆ ತಪ್ಪು ಅಲ್ಲೇ ಇದೆ. ಜಾತಿ ಎಂದರೆ ಹುಟ್ಟಿನಿಂದ ಬಂದದ್ದು, ಬದಲಾಗದ್ದು. ಲೋಹದ ವಿಷಯ ಹಾಗಲ್ಲ. ಗದ್ದೆಯಲ್ಲಿ ನೀರು ನಿಂತಾಗ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಸಲ್ಫೈಡ್ ಆಗಿ ಗಟ್ಟಿ ಕೂತಿರುತ್ತದೆ. ಕೊಯ್ಲಿಗೆ ಮುಂಚೆ ನೀರು ಬಸಿದು ಗಾಳಿ ಆಡಿತೋ, ಅದೇ ಕ್ಯಾಡ್ಮಿಯಂ ಸಡಿಲಾಗಿ ಬೇರಿಗೆ ಸಿಗುತ್ತದೆ. ಲೋಹ ಅದೇ, ತೂಕವೂ ಅಷ್ಟೇ, ಅವತಾರ ಮಾತ್ರ ಬೇರೆ. ಕ್ರೋಮಿಯಂ ಇನ್ನೊಂದು ಉದಾಹರಣೆ. ವೇಲೆನ್ಸಿ (ಸಂಯೋಗ ಸಾಮರ್ಥ್ಯ) ಮೂರರ ಕ್ರೋಮಿಯಂ ಅಷ್ಟೇನೂ ತೊಂದರೆ ಕೊಡುವುದಿಲ್ಲ, ಆರರದ್ದು ವಿಷ. ಯುರೋಪಿನ 1986ರ ನಿಯಮ ನೋಡಿದರೆ ಒಣಗಿದ ಗಸಿಯ ಪ್ರತಿ ಕಿಲೋಗೆ ಕ್ಯಾಡ್ಮಿಯಂ 20ರಿಂದ 40 ಮಿಲಿಗ್ರಾಂ ಮೀರಬಾರದು ಎಂದು ಒಟ್ಟು ಲೆಕ್ಕ ಹೇಳುತ್ತದೆ. ಯಾವ ರೂಪದಲ್ಲಿ ಎಂದು ಕೇಳುವುದಿಲ್ಲ. ರೈತನಿಗೆ ಬೇಕಾದದ್ದು ಎರಡನೆಯದೇ ಅಲ್ವಾ?

ಸುಮ್ನೆ ಕುತೂಹಲಕ್ಕೆ ಮೂಲ ನೋಡಿದೆ. ಲ್ಯಾಟಿನ್‌ನಲ್ಲಿ ‘ಸ್ಪೀಶೀಸ್’ ಎಂದರೆ ಮೊದಲಿಗೆ ಕಣ್ಣಿಗೆ ಕಾಣುವ ರೂಪ. ‘ನೋಡು’ ಎಂಬ ಧಾತುವಿನದು. ಜೀವಶಾಸ್ತ್ರದವರು ಆಮೇಲೆ ಎತ್ತಿಕೊಂಡರು. (ಸಾಂಬಾರ ಪದಾರ್ಥದ ‘ಸ್ಪೈಸ್’ ಕೂಡ ಇದರ ಮರಿಯೇ, ಅದು ಬೇರೆ ಕತೆ.) ಹಾಗಾಗಿ ‘ರೂಪ’ ಎಂದರೆ ನಾವು ಮೂಲಕ್ಕೇ ಹತ್ತಿರ ಹೋದಂತೆ. ‘ರೂಪಪತ್ತೆ’ ಹೇಗಿದೆ? ಅರಿಸಮಾಸ ಎಂದು ಯಾರಾದರೂ ಗದರಬಹುದು. ‘ಪತ್ತೇದಾರಿ’ಯನ್ನು ಒಪ್ಪಿಕೊಂಡ ಮೇಲೆ ಇದೇನು ಮಹಾ!

ಆದರೆ ಇಲ್ಲಿ ಇನ್ನೊಂದು ತೊಡಕಿದೆ. ಪ್ರಯೋಗಾಲಯದಲ್ಲಿ ಜಾಸ್ತಿ ನಡೆಯುವುದು ನಿಜವಾದ ರೂಪಪತ್ತೆಯೇ ಅಲ್ಲ. ಅಲ್ಲಿ ಮಣ್ಣನ್ನೋ ಗಸಿಯನ್ನೋ ಬೇರೆ ಬೇರೆ ರಾಸಾಯನಿಕಗಳಲ್ಲಿ ಒಂದಾದ ಮೇಲೊಂದರಂತೆ ತೊಳೆದು, ಯಾವುದಕ್ಕೆ ಎಷ್ಟು ಲೋಹ ಬಿಟ್ಟಿತು ಎಂದು ನೋಡುತ್ತಾರೆ, ಹಿತ್ತಾಳೆ ಪಾತ್ರೆ ತೊಳೆದ ಹಾಗೆ. ಬರೀ ನೀರಿಗೆ ಹೋಗುವ ಕೊಳೆ ಒಂದು, ಹುಣಸೆಹಣ್ಣಿಗೆ ಬಿಡುವುದು ಇನ್ನೊಂದು, ಬೂದಿ ನಾರು ಹಾಕಿ ತಿಕ್ಕಿದರಷ್ಟೇ ಹೋಗುವುದು ಮತ್ತೊಂದು. ಕೊನೆಗೆ ಉಳಿಯುವುದು ಪಾತ್ರೆಯೇ. 1979ರಲ್ಲಿ ಟೆಸಿಯರ್ ಎಂಬ ವಿಜ್ಞಾನಿ ಮತ್ತು ಜೊತೆಯವರು ನದಿಯ ಹೂಳಿಗೆಂದು ಇಂಥದ್ದೇ ಐದು ಮೆಟ್ಟಿಲು ಮಾಡಿದರು. ಮೊದಲು ಮೆಗ್ನೀಷಿಯಂ ಕ್ಲೋರೈಡ್ ಹಾಕಿ ಸಡಿಲವಾಗಿ ಅಂಟಿದ್ದನ್ನು ಬಿಡಿಸುವುದು. ಆಮೇಲೆ ಮೆತ್ತನೆಯ ಹುಳಿಯಿಂದ ಕಾರ್ಬೊನೇಟಿನದು, ಮುಂದೆ ಕಬ್ಬಿಣ-ಮ್ಯಾಂಗನೀಸ್ ತುಕ್ಕು ಹಿಡಿದಿಟ್ಟದ್ದು, ಸಾವಯವಕ್ಕೆ ಕಚ್ಚಿದ್ದು, ಕಡೆಗೆ ಕಲ್ಲಿನ ಕಣದೊಳಗೇ ಸಿಕ್ಕಿಕೊಂಡದ್ದು. ಕೊಳಚೆ ಗಸಿಯಲ್ಲಿ ತಾಮ್ರ ಬಹುಪಾಲು ಸಾವಯವವನ್ನೇ ಕಚ್ಚಿಕೊಳ್ಳುತ್ತದೆ, ಸತು ಅದಕ್ಕಿಂತ ಸುಲಭವಾಗಿ ಬಿಡುತ್ತದೆ. ಇದರಿಂದ ‘ಎಷ್ಟು ಬಿಗಿ’ ಎಂದು ತಿಳಿಯುತ್ತದೆ, ‘ಯಾವ ಸಂಯುಕ್ತ’ ಎಂದು ತಿಳಿಯುವುದಿಲ್ಲ. ಅದಕ್ಕೆ ಎಕ್ಸ್‌-ಕಿರಣದಂಥ ಬೇರೆ ದಾರಿ ಬೇಕು. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪ್ಯಾಕ್ 2000ದಲ್ಲಿ ಇವೆರಡನ್ನೂ ಬೇರೆ ಮಾಡಿ, ಮೆಟ್ಟಿಲ ತೊಳೆತಕ್ಕೆ ‘ಫ್ರಾಕ್ಷನೇಶನ್’ ಎನ್ನಿ ಎಂದಿತು. ಆದರೂ ಎರಡನ್ನೂ ಕಲಸಿ ಬರೆಯುವವರು ಈಗಲೂ ಇದ್ದಾರೆ. ಕನ್ನಡದಲ್ಲಾದರೂ ಮೊದಲಿಂದಲೇ ಬೇರೆ ಇಡೋಣ ಅಂತ ನನ್ನ ಆಸೆ. ಈ ‘ಫ್ರಾಕ್ಷನೇಶನ್’ಗೆ ‘ಹಿಡಿತದ ವಿಂಗಡಣೆ’ ಎಂದಿಟ್ಟಿದ್ದೇನೆ. ‘ಭೂಮಿ ಗೊಬ್ಬರಾನ ಹಿಡ್ಕೊಂಡದೆ’ ಎಂದು ಚಿಕ್ಕಪ್ಪ ಅನ್ನುವುದರಿಂದ ಹೊಳೆದದ್ದು. ಸ್ವಲ್ಪ ಉದ್ದವಾಯಿತು. ಯಾರಿಗಾದರೂ ಚಿಕ್ಕದು ಹೊಳೆದರೆ ಹೇಳಿ.

ಕೊನೆಯದಾಗಿ, ‘ಸ್ಲಡ್ಜ್’ಗೆ ಏನನ್ನೋಣ? ಮೇಲೆ ‘ಗಸಿ’ ಎಂದು ಬರೆದೆ, ಮನಸ್ಸು ಪೂರ್ತಿ ಒಪ್ಪಿಲ್ಲ. ಎಣ್ಣೆ ಪಾತ್ರೆಯ ನೆನಪಾಗುತ್ತದೆ. ‘ಹೂಳು’ ಕೆರೆಯದ್ದು, ‘ಚರಟ’ ಕಾಫಿಯದ್ದು, ‘ಬಗ್ಗಡ’ ಎಂದರೆ ಕಲಕಿದ ನೀರೇ ಕಣ್ಣಿಗೆ ಬರುತ್ತದೆ. ‘ರೊಚ್ಚು’ ಹತ್ತಿರ ಬರುತ್ತದೆ, ಆದರೆ ನನ್ನ ಕಿವಿಗೆ ಅದು ಹಸಿಯದ್ದು. ಒಣಗಿಸಿ ಮೂಟೆ ಕಟ್ಟಿದ್ದನ್ನೂ ರೊಚ್ಚು ಅನ್ನಬಹುದಾ? ಮೈಸೂರಿನ ವಿದ್ಯಾರಣ್ಯಪುರದ ಸೂಯೇಜ್ ಫಾರಂ ಆಸುಪಾಸಿನಲ್ಲಿ ಬೆಳೆದವರು ಯಾರಾದರೂ ಇಲ್ಲಿದ್ದರೆ, ನಿಮ್ಮ ಮನೆಯಲ್ಲಿ ಅದಕ್ಕೆ ಏನನ್ನುತ್ತಿದ್ದರು ಎಂದು ದಯವಿಟ್ಟು ತಿಳಿಸಿ.