ಇಪೊದಲ್ಲಿ ಒಂದು ದಿನ: ಯಾವ ಗುಹೆ, ಯಾವ ಊಟ?

ಚೀಲಹೆಗಲಿಗೆ
ಕೌಲಾಲಂಪುರದಿಂದ ಮಲೇಷ್ಯಾದ ಪೆರಾಕ್ ರಾಜ್ಯದ ಇಪೊಗೆ ಇಟಿಎಸ್ ವಿದ್ಯುತ್ ರೈಲಲ್ಲಿ ಸುಮಾರು ಎರಡೂವರೆ ಗಂಟೆ. ಬೆಳಿಗ್ಗೆ ಹೋಗಿ ಸಂಜೆ ವಾಪಸಾಗುವವರು ಮೂರು ಗುಹಾ ದೇವಾಲಯಗಳನ್ನೂ ಹಿಡಿಯಲು ಹೋಗಬೇಡಿ. ಪೆರಾಕ್ ತೊಂಗ್ ಊರಿನ ಉತ್ತರಕ್ಕೆ 6 ಕಿ.ಮೀ., ಸಾಮ್ ಪೊ ತೊಂಗ್ ಮತ್ತು ಕೆಕ್ ಲೊಕ್ ತೊಂಗ್ ದಕ್ಷಿಣಕ್ಕೆ ಗುನುಂಗ್ ರಾಪಾಟ್ ಗುಡ್ಡದಲ್ಲಿ. ಪೆರಾಕ್ ತೊಂಗ್ ಒಂದೇ ಸಾಕು. ಬಾದಾಮಿ ನೋಡಿದವರಿಗೆ ಉಳಿದದ್ದು ಹೊಸದೇನಲ್ಲ. ಊಟಕ್ಕೆ ಜಲಾನ್ ಯೌ ತೆತ್ ಶಿನ್ ರಸ್ತೆಯ ತೌಗೆ ಆಯಮ್, ಅಂದರೆ ಬೇಯಿಸಿದ ಕೋಳಿ, ಪಕ್ಕದಲ್ಲಿ ಹೆಸರುಕಾಳಿನ ಮೊಳಕೆ. ಮೊಳಕೆ ತಟ್ಟೆ ಬೇರೆಯಾಗಿಯೇ ಬರುವುದರಿಂದ ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ. ಆ ಮೊಳಕೆ ಗಿಡ್ಡಗೆ, ದಪ್ಪಗೆ ಇರುತ್ತದೆ. ಎಲ್ಲ ಸುಣ್ಣಕಲ್ಲಿನ ಗುಡ್ಡದ ನೀರಿನ ಮಹಿಮೆ.

ಯಾಣದ ಹಾದಿ
ಬಾದಾಮಿ?! ಬಾದಾಮಿ ಮರಳುಗಲ್ಲು, ಉಳಿ ಹಿಡಿದು ಕೊರೆದದ್ದು. ಮೂರನೇ ಗುಹೆಯ ಶಾಸನವೇ 578ರದ್ದು. ಇಪೊದ್ದು ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ತಾನಾಗಿ ಆದ ಗುಹೆ. ಅದರೊಳಗೆ ಜನ ಬಂದು ಬುದ್ಧನನ್ನು ಕೂರಿಸಿದರು. ಹೋಲಿಸಲೇಬೇಕಾದರೆ ನಮ್ಮ ಯಾಣಕ್ಕೆ ಹೋಲಿಸಿ. ಅದೂ ಸುಣ್ಣಕಲ್ಲೇ, ಬಂಡೆಯ ಬುಡದಲ್ಲೇ ಭೈರವೇಶ್ವರ.

ಚೀಲಹೆಗಲಿಗೆ
ಭೂಗರ್ಭಶಾಸ್ತ್ರದ ಪಾಠ ಯಾರೂ ಕೇಳಿರಲಿಲ್ಲ. ನೋಡುವವನ ಕಣ್ಣಿಗೆ ಎರಡೂ ಗುಹೆಯೇ.

ಯಾಣದ ಹಾದಿ
ಕಣ್ಣಿಗೆ ಇರಬಹುದು, ಕಾಲಿಗೆ ಅಲ್ಲ. ಸುಣ್ಣಕಲ್ಲಿನ ಗುಹೆ ಸದಾ ತೊಟ್ಟಿಕ್ಕುತ್ತದೆ, ನೆಲ ಒದ್ದೆ. ಪೆರಾಕ್ ತೊಂಗ್‌ನಲ್ಲಿ 12.8 ಮೀಟರ್ ಎತ್ತರದ ಕೂತ ಬುದ್ಧನ ಹಿಂದಿನಿಂದ ನಾನೂರಕ್ಕೂ ಹೆಚ್ಚು ಮೆಟ್ಟಿಲು ಗುಡ್ಡದ ಮೇಲಕ್ಕೆ ಹೋಗುತ್ತವೆ. ಅಟ್ಟೆ ಸವೆದ ಚಪ್ಪಲಿ ಹಾಕಿದರೆ ಹತ್ತುವುದಲ್ಲ, ಇಳಿಯುವುದು ಕಷ್ಟ. ಮಳೆ ಬಂದ ದಿನ ಮೇಲೆ ಹೋಗಲೇಬೇಡಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇದ್ದರೆ ಕೋತಿ ಬಿಡುವುದಿಲ್ಲ. ಮಂಡಿನೋವಿನವರಿಗೆ ಕೆಕ್ ಲೊಕ್ ತೊಂಗ್ ಸರಿ: ಮುಂದಿನಿಂದ ಒಳಹೊಕ್ಕು ಹೆಚ್ಚು ಹತ್ತದೆ ನಡೆದು ಹಿಂದಿನ ಕೆರೆ ತೋಟಕ್ಕೆ ಹೊರಬೀಳಬಹುದು. ಅದನ್ನೇ ನೀವು ‘ಹೊಸದೇನಲ್ಲ’ ಅಂತ ಬಿಟ್ಟುಬಿಟ್ಟಿರಿ.

ಈರುಳ್ಳಿ ಬೇಡ
‘ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ’ ಅಂದಿರಲ್ಲ, ಇದನ್ನು ನಂಬಿ ಯಾರಾದರೂ ತಿಂದರೆ? ಆ ಮೊಳಕೆಯನ್ನು ಕುದಿಯುವ ನೀರಲ್ಲಿ ಕೆಲವೇ ಸೆಕೆಂಡು ಅದ್ದಿ ತೆಗೆದು ಮೇಲೆ ಸೋಯಾ ಸಾಸ್, ಬಿಳಿ ಮೆಣಸಿನ ಪುಡಿ ಹಾಕುತ್ತಾರೆ, ಜೊತೆಗೆ ಕೋಳಿ ಕೊಬ್ಬಿನ ಎಣ್ಣೆ. ತಟ್ಟೆ ಬೇರೆಯಾದರೆ ಎಣ್ಣೆ ಬೇರೆಯಾಗುತ್ತದೆಯೇ? ಹೊರ್ ಫನ್ ಶ್ಯಾವಿಗೆಯ ಸಾರಿಗೂ ಕೋಳಿ, ಸಿಗಡಿ ಎರಡೂ ಬೀಳುತ್ತವೆ. ಬ್ರೆಡ್ಡಿಗೆ ಹಚ್ಚುವ ಕಾಯಾ ಕೂಡ ಮೊಟ್ಟೆ, ತೆಂಗಿನಹಾಲು, ಸಕ್ಕರೆ.

ಚೀಲಹೆಗಲಿಗೆ
ಎಣ್ಣೆ ಬೇಡ ಅಂದರೆ ಹಾಕುವುದಿಲ್ಲ ಮೇಡಂ, ಅಷ್ಟೇ.

ಈರುಳ್ಳಿ ಬೇಡ
ಯಾವ ಮಾತಲ್ಲಿ ಹೇಳುತ್ತೀರಿ? ‘ವೆಜಿಟೇರಿಯನ್’ ಅಂದರೆ ಎಷ್ಟೋ ಕಡೆ ಮಾಂಸದ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ. ಮಲಯದಲ್ಲಿ ‘ತಾ ನಾಕ್ ಆಯಮ್, ತಾ ನಾಕ್ ಉಡಾಂಗ್’ ಅನ್ನಬೇಕು: ಕೋಳಿ ಬೇಡ, ಸಿಗಡಿ ಬೇಡ. ಇಪೊ ಕ್ಯಾಂಟನೀಸ್ ಊರು, ‘ಸಿಕ್ ಚಾಯ್’ ಅಂದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ: ಸಸ್ಯಾಹಾರಿ ಅಂತ, ಟೀ ಅಲ್ಲ. ಬೌದ್ಧರ ಚಾಯ್ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮಲ್ಲಿ ಅದನ್ನು ಬಿಟ್ಟವರು ಚಾಯ್ ಅಂಗಡಿಯನ್ನೇ ಹುಡುಕಲಿ.

ಮೊಳಕೆಮಡಕೆ
ಇದೆಲ್ಲ ಇರಲಿ. ‘ಸುಣ್ಣಕಲ್ಲಿನ ನೀರಿನ ಮಹಿಮೆ’ ಅನ್ನುವ ಕಥೆ ಯಾರು ಹಬ್ಬಿಸಿದ್ದು? ಮೊಳಕೆ ದಪ್ಪವಾಗುವುದು ಭಾರದಿಂದ. ಕತ್ತಲಲ್ಲಿ ಒತ್ತಡಕ್ಕೆ ಸಿಕ್ಕ ಮೊಳಕೆ ಎಥಿಲೀನ್ ಅನಿಲ ಬಿಡುತ್ತದೆ. ಎಥಿಲೀನ್ ಉದ್ದ ಬೆಳೆಯುವುದನ್ನು ತಡೆದು ಕಾಂಡವನ್ನು ದಪ್ಪ ಮಾಡುತ್ತದೆ. ನೀರಿಗೂ ಇದಕ್ಕೂ ಸಂಬಂಧವಿಲ್ಲ.

ಕಿಂತಾ ಕಣಿವೆ
ಸಂಬಂಧವಿಲ್ಲ ಅಂತ ಅಷ್ಟು ಸುಲಭಕ್ಕೆ ತಳ್ಳಬೇಡಿ ಗುರುಗಳೇ. ಇಪೊದ ಮೊಳಕೆ ಬರುವುದು ಊರಿನದೇ ಬಡಾವಣೆಯಾದ ಬುಂತೊಂಗ್‌ನಿಂದ, ಅಲ್ಲಿಯ ಮಾತೇ ನೀರಿನದ್ದು. ಸುಣ್ಣಕಲ್ಲಿನ ನೀರಲ್ಲಿ ಕ್ಯಾಲ್ಸಿಯಂ ಇರುತ್ತದೆ. ಕ್ಯಾಲ್ಸಿಯಂ ಸಸ್ಯದ ಕೋಶಗೋಡೆಯ ಪೆಕ್ಟಿನ್ ಅನ್ನು ಬಿಗಿಮಾಡುತ್ತದೆ. ಕಚ್ಚಿದರೆ ಕರುಂ ಅನ್ನುವುದು ಅದರಿಂದ.

ಮೊಳಕೆಮಡಕೆ
ನಾನು ದಪ್ಪದ ಬಗ್ಗೆ ಹೇಳಿದೆ, ನೀವು ಕರುಂ ಅನ್ನುತ್ತಿದ್ದೀರಿ. ಅದೂ ಇರಲಿ, ಇಪೊದ ನಲ್ಲಿ ನೀರು ಉಲು ಕಿಂತಾದ ಸುಲ್ತಾನ್ ಅಜ್ಲಾನ್ ಶಾ ಅಣೆಕಟ್ಟಿನಿಂದ ಬರುತ್ತದೆ. ಆ ಮಲೆಸೀಮೆ ಗ್ರಾನೈಟ್. ಸುಣ್ಣ ಎಲ್ಲಿಂದ ಬಂತು?

ಕಿಂತಾ ಕಣಿವೆ
ನಲ್ಲಿ ನೀರು ಅಂತ ನಾನೆಲ್ಲಿ ಹೇಳಿದೆ? ನೆಲದಡಿಯ ನೀರಿನ ಮಾತು ನನ್ನದು. ಇಪೊ ಇರುವ ಕಿಂತಾ ಕಣಿವೆಯ ತಳವೇ ಸುಣ್ಣಕಲ್ಲು. ಹೇಳದ್ದನ್ನು ಬಾಯಿಗೆ ತುರುಕಿ ಗೆಲ್ಲಬೇಡಿ.

ಮೊಳಕೆಮಡಕೆ
ಗೆಲ್ಲುವುದೇನು ಬಂತು, ಮಾಡಿ ನೋಡಿ. 100 ಗ್ರಾಂ ಹೆಸರುಕಾಳು 8 ಗಂಟೆ ನೆನೆಸಿ. ತಳದಲ್ಲಿ ತೂತಿರುವ ಪಾತ್ರೆಗೆ ಒದ್ದೆಬಟ್ಟೆ ಹಾಸಿ ಕಾಳು ಹರಡಿ, ಮೇಲೊಂದು ಬಟ್ಟೆ, ಮುಚ್ಚಿ ಕತ್ತಲಲ್ಲಿಡಿ. ನಾಲ್ಕೈದು ಗಂಟೆಗೊಮ್ಮೆ ನೀರು ಹುಯ್ದು ಪೂರ್ತಿ ಬಸಿಯಬೇಕು. ಬೇರು ಅರ್ಧ ಇಂಚು ಬಂದಮೇಲೆ ತಟ್ಟೆಯಿಟ್ಟು ಮೇಲೆ ಎರಡು ಕಿಲೋ ಭಾರ. ಮೊದಲೇ ಹೇರಿದರೆ ಬೇರು ಮುರಿದು ಕೊಳೆಯುತ್ತದೆ. ನಾಲ್ಕು-ಐದನೇ ದಿನಕ್ಕೆ ಕಾಳಿನ ತೂಕದ ಐದಾರು ಪಟ್ಟು. ಪಕ್ಕದಲ್ಲಿ ಭಾರವಿಲ್ಲದ ಇನ್ನೊಂದು ಪಾತ್ರೆ ಇಡಿ. ಎರಡಕ್ಕೂ ಅದೇ ಬೋರ್‌ವೆಲ್ ನೀರು. ಯಾವುದು ದಪ್ಪ ಬಂತು ಹೇಳಿ.

ಈರುಳ್ಳಿ ಬೇಡ
ಎರಡು ಕಿಲೋ ಜಾಸ್ತಿಯಾಯಿತು. ಬೇಸಿಗೆಯಲ್ಲಿ ಅಷ್ಟು ಒತ್ತಿ ಮುಚ್ಚಿದರೆ ಮೊಳಕೆ ಉಸಿರಾಡುವ ಶಾಖಕ್ಕೇ ನಡುವಿನದ್ದು ಲೋಳೆಯಾಗಿ ವಾಸನೆ ಹಿಡಿಯುತ್ತದೆ. ಒಂದು ಕಿಲೋ ಸಾಕು, ನೀರು ಮೂರು ಗಂಟೆಗೊಮ್ಮೆ.

ಮೊಳಕೆಮಡಕೆ
ಪಾತ್ರೆಯ ಅಗಲದ ಮೇಲೆ ಹೋಗುತ್ತದೆ. ಹತ್ತು ಇಂಚಿನದ್ದಕ್ಕೆ ಎರಡು ಕಿಲೋ ಏನೂ ಅಲ್ಲ.

ಕಿಂತಾ ಕಣಿವೆ
ನೋಡಿ, ‘ಬೋರ್‌ವೆಲ್ ನೀರು’ ಅಂತ ನೀವೇ ಬರೆದಿರಿ! ಗಡಸು ನೀರು ಎರಡು ಪಾತ್ರೆಗೂ ಹಾಕಿ, ನೀರಿಗೆ ಸಂಬಂಧವಿಲ್ಲ ಅಂದರೆ ಅದು ಪರೀಕ್ಷೆಯೇ? ಒಂದಕ್ಕೆ ಮಳೆನೀರು ಹಾಕಬೇಕಿತ್ತು.

ಮೊಳಕೆಮಡಕೆ
ಸ್ವಾಮಿ, ಭಾರವನ್ನು ಪರೀಕ್ಷಿಸುವಾಗ ನೀರನ್ನು ಬದಲಿಸಬಾರದು. ಹೈಸ್ಕೂಲಿನ ಪಾಠ ಇದು.

ಕಿಂತಾ ಕಣಿವೆ
ಹೈಸ್ಕೂಲು ಅಂತ ಹೀಯಾಳಿಸಿದರೆ ಉತ್ತರ ಕೊಟ್ಟಂತಾಗಲಿಲ್ಲ. ಭಾರ ಎಲ್ಲ ಊರಲ್ಲೂ ಹೇರಬಹುದು. ಮತ್ತೆ ಮಲೇಷ್ಯಾದವರು ಮೊಳಕೆ ಅಂದರೆ ಇಪೊ ಹೆಸರನ್ನೇ ಏಕೆ ಹೇಳುತ್ತಾರೆ?

ಮೊಳಕೆಮಡಕೆ
ಅಂಗಡಿಗಳು ಅಲ್ಲಿವೆ, ಬೆಳೆಯುವವರು ಅಲ್ಲಿದ್ದಾರೆ, ಕಿತ್ತ ಮೊಳಕೆ ಅಂದೇ ತಟ್ಟೆಗೆ ಬರುತ್ತದೆ. ಮೊಳಕೆ ಒಂದು ದಿನ ಇಟ್ಟರೂ ಬಾಡುತ್ತದೆ. ಇಷ್ಟಕ್ಕೆ ಗುಡ್ಡದ ಮಹಿಮೆ ಯಾಕೆ?

ಯಾಣದ ಹಾದಿ
ಮೊಳಕೆಗೆ ಬೇರೆ ಎಳೆ ತೆರೆಯಿರಿ. ಗುಡ್ಡವನ್ನು ಎಳೆದಿದ್ದೀರಿ ಅಂತ ಒಂದು ಮಾತು: ಅಲ್ಲಿ ಬಂಡೆ ಬೀಳುತ್ತದೆ. ಇಪೊದ ಗುನುಂಗ್ ಚೆರೋ ಗುಡ್ಡದಲ್ಲಿ 1973ರಲ್ಲಿ ಬಂಡೆ ಕುಸಿದು ಸುಮಾರು 40 ಜನ ಸತ್ತರು. ಮಳೆ ಹೊಯ್ಯುವಾಗ ಬಂಡೆಯ ಬುಡದಲ್ಲಿ ನಿಂತು ಫೋಟೋ ತೆಗೆಯುವವರು ಓದಿಕೊಳ್ಳಲಿ.

ಚೀಲಹೆಗಲಿಗೆ
ಹೆದರಿಸಬೇಡಿ. ಅದೇ ಗುಡ್ಡದ ಕಲ್ಲುಮಲೈ ಸುಬ್ರಮಣ್ಯ ದೇವಸ್ಥಾನಕ್ಕೆ ಪ್ರತಿ ವರ್ಷ ತೈಪೂಸಂ ಹಬ್ಬದಲ್ಲಿ ಎಷ್ಟು ಜನ ಸೇರುತ್ತಾರೆ ಗೊತ್ತೇ? ನನ್ನ ಮಾತು ಈಗಲೂ ಅದೇ, ಒಂದು ದಿನಕ್ಕೆ ಪೆರಾಕ್ ತೊಂಗ್ ಸಾಕು.

ಯಾಣದ ಹಾದಿ
ಮಧ್ಯಾಹ್ನ ಒಂದು ಗಂಟೆಯ ಬಿಸಿಲಲ್ಲಿ ನಾನೂರು ಮೆಟ್ಟಿಲು ಹತ್ತಿಸಿ ಅಂತಲೇ? ಬೆಳಗಿನ ರೈಲು ಇಳಿದ ತಕ್ಷಣ ಅಲ್ಲಿಗೆ ಹೋದರೆ ಮಾತ್ರ ಒಪ್ಪಬಹುದು. ಊಟ ಆಮೇಲೆ.

ಚೀಲಹೆಗಲಿಗೆ
ಹಳೇ ಪೇಟೆಯ ವೈಟ್ ಕಾಫಿ ಅಂಗಡಿಗಳಿಗೆ ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನ ದಾಟಿದರೆ ಒಂದೊಂದಾಗಿ ಬಾಗಿಲು ಹಾಕುತ್ತವೆ. ಮೊದಲು ಕಾಫಿ.

ಈರುಳ್ಳಿ ಬೇಡ
ಆ ಕಾಫಿ ಬೀಜವನ್ನು ಮಾರ್ಗರೀನ್ ಹಾಕಿ ಹುರಿಯುತ್ತಾರೆ. ಅದರಲ್ಲಿ ಯಾವ ಕೊಬ್ಬಿದೆ ಅಂತ ಕೇಳಿದಿರಾ?

ಕಿಂತಾ ಕಣಿವೆ
ತಾಳೆ ಎಣ್ಣೆಯದ್ದು ಮೇಡಂ, ಅದರಲ್ಲಾದರೂ ಕೋಳಿ ಹುಡುಕಬೇಡಿ. @ಮೊಳಕೆಮಡಕೆ, ಮಳೆನೀರಿನ ಪಾತ್ರೆ ಇಟ್ಟಿರಾ ಇಲ್ಲವಾ?