ಆರ್ಮ್ 64 ಸರ್ವರ್‌ಗೆ ಹೋಗುವ ಮುನ್ನ ಪೈಥಾನ್ ಡಿಪೆಂಡೆನ್ಸಿಗಳನ್ನು ಪರಿಶೀಲಿಸುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಮ್ಮ ತಂಡದ ಪೈಥಾನ್ 3.11 ಪ್ರಾಜೆಕ್ಟ್ ಈಗ ಇಂಟೆಲ್ ಸರ್ವರ್‌ನಲ್ಲಿ, ಡೆಬಿಯನ್ ಆಧಾರದ ಡಾಕರ್ ಇಮೇಜ್‌ನಲ್ಲಿ ನಡೆಯುತ್ತಿದೆ. ಬಾಡಿಗೆ ಕಡಿಮೆಯೆಂದು ಅದನ್ನು ಆರ್ಮ್ 64 (ಇಂಟೆಲ್‌ಗಿಂತ ಬೇರೆ ಬಗೆಯ ಪ್ರೊಸೆಸರ್) ಸರ್ವರ್‌ಗೆ ವರ್ಗಾಯಿಸಲು ತೀರ್ಮಾನವಾಗಿದೆ. ಇಮೇಜ್ ಚಿಕ್ಕದಾಗಲಿ ಎಂದು ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ಗೆ ಬದಲಾಯಿಸುವ ಮಾತೂ ಇದೆ. ರಿಕ್ವೈರ್‌ಮೆಂಟ್ಸ್ ಫೈಲನ್ನು ಸಹೋದ್ಯೋಗಿಯೊಬ್ಬರ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ 'ಪಿಪ್ ಫ್ರೀಜ್' (ಇನ್‌ಸ್ಟಾಲ್ ಆಗಿರುವ ಪ್ಯಾಕೇಜುಗಳನ್ನು ಪಟ್ಟಿಮಾಡುವ ಆದೇಶ) ಮಾಡಿ ಪಡೆಯಲಾಗಿದೆ. ನಂಪೈ, ಪಿಲ್ಲೋ, ಸೈಕೊಪಿಜಿ2, ಯೂವಿಕಾರ್ನ್, ಪೈಥಾನ್-ಮ್ಯಾಜಿಕ್ ಮುಂತಾದವು ಅದರಲ್ಲಿವೆ. ಪ್ರತಿ ಪ್ಯಾಕೇಜಿನ ಪುಟವನ್ನೂ ತೆರೆದು ನೋಡದೆ, ಹೊಸ ಸರ್ವರ್ ಕೈಗೆ ಬರುವ ಮೊದಲೇ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ತಿಳಿಯುವ ದಾರಿ ಇದೆಯೇ?

ಉತ್ತರ 1

ಅರ್ಧಕ್ಕಿಂತ ಹೆಚ್ಚಿನ ಉತ್ತರ ವ್ಹೀಲ್ ಫೈಲಿನ (ಮೊದಲೇ ಸಿದ್ಧಪಡಿಸಿದ, ನೇರವಾಗಿ ಇನ್‌ಸ್ಟಾಲ್ ಆಗುವ ಪ್ಯಾಕೇಜ್) ಹೆಸರಿನಲ್ಲೇ ಸಿಗುತ್ತದೆ. ಹೆಸರಿನ ಕೊನೆಯಲ್ಲಿ 'ನನ್-ಎನಿ' ಎಂದಿದ್ದರೆ ಅದರೊಳಗೆ ಕಂಪೈಲ್ ಆದ ಕೋಡ್ ಇಲ್ಲವೆಂದು ತಿಳಿಯಬಹುದು. 'ಮೆನಿಲಿನಕ್ಸ್_2_28_ಎಆರ್ಚ್64' ಎಂದಿದ್ದರೆ ಜಿಲಿಬ್‌ಸಿ (ಹೆಚ್ಚಿನ ಲಿನಕ್ಸ್‌ಗಳ ಮೂಲ ಸಿ ಲೈಬ್ರರಿ) 2.28 ಅಥವಾ ಅದಕ್ಕಿಂತ ಹೊಸದು ಇರುವ 64 ಬಿಟ್ ಆರ್ಮ್ ಲಿನಕ್ಸ್ ಬೇಕು ಎಂದರ್ಥ. ಉಬುಂಟು 18.04ರಲ್ಲಿರುವುದು 2.27 ಆದ್ದರಿಂದ ಆ ವ್ಹೀಲ್ ಅಲ್ಲಿ ಕೂರುವುದಿಲ್ಲ, ಡೆಬಿಯನ್ 11ರಲ್ಲಿ 2.31 ಇರುವುದರಿಂದ ತೊಂದರೆಯಿಲ್ಲ.

ಇದನ್ನು ಕಣ್ಣಿನಿಂದ ನೋಡುತ್ತ ಕೂರಬೇಕಿಲ್ಲ. 'ಪಿಪ್ ಡೌನ್‌ಲೋಡ್' ಆದೇಶಕ್ಕೆ ಪ್ಲಾಟ್‌ಫಾರ್ಮ್ ಮತ್ತು ಪೈಥಾನ್ ಆವೃತ್ತಿಯನ್ನು ತಿಳಿಸಿ, ಜೊತೆಗೆ 'ಓನ್ಲಿ-ಬೈನರಿ' ಆಯ್ಕೆಗೆ 'ಆಲ್' ಎಂದು ಕೊಟ್ಟರೆ, ನಿಮ್ಮ ಇಂಟೆಲ್ ಯಂತ್ರದಿಂದಲೇ ಆರ್ಮ್‌ಗೆ ವ್ಹೀಲ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಪ್ಲಾಟ್‌ಫಾರ್ಮ್ ಆಯ್ಕೆಯನ್ನು ಒಂದಕ್ಕಿಂತ ಹೆಚ್ಚು ಸಲ ಕೊಡಬಹುದು; ಹಳೆಯ 'ಮೆನಿಲಿನಕ್ಸ್2014' ಟ್ಯಾಗನ್ನೂ ಸೇರಿಸಿ. ವ್ಹೀಲ್ ಸಿಗದ ಮೊದಲ ಪ್ಯಾಕೇಜಿನಲ್ಲೇ ಪಿಪ್ ನಿಂತುಬಿಡುವುದರಿಂದ, ಫೈಲಿನ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ಕೊಡುವ ಪುಟ್ಟ ಸ್ಕ್ರಿಪ್ಟ್ ಬರೆದುಕೊಳ್ಳುವುದು ಒಳಿತು.

ನಿಮ್ಮ ಪಟ್ಟಿಯಲ್ಲಿ ಸೈಕೊಪಿಜಿ2 ಖಂಡಿತ ಸಿಕ್ಕಿಬೀಳುತ್ತದೆ, ಏಕೆಂದರೆ ಆ ಹೆಸರಿನಲ್ಲಿ ವಿಂಡೋಸ್‌ಗೆ ಮಾತ್ರ ವ್ಹೀಲ್ ಇದ್ದು, ಲಿನಕ್ಸ್‌ಗೆ ಸೋರ್ಸ್ ಅಷ್ಟೇ ಇದೆ. ಈಗಿನ ಇಮೇಜ್‌ನಲ್ಲಿ ಜಿಸಿಸಿ ಕಂಪೈಲರ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಲಿಬ್‌ಪಿಕ್ಯೂ ಲೈಬ್ರರಿಯ ಹೆಡರ್‌ಗಳು ಇರುವುದರಿಂದಲೇ ಅದು ಸದ್ದಿಲ್ಲದೆ ಕಂಪೈಲ್ ಆಗುತ್ತಿರಬೇಕು. ಆರ್ಮ್‌ನಲ್ಲಿಯೂ ಹಾಗೆಯೇ ಮಾಡಬಹುದು.

ಉತ್ತರ 2

ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. ಪಿಪ್‌ಗೆ ಬೇರೆ ಪ್ಲಾಟ್‌ಫಾರ್ಮ್ ಹೇಳಿದರೂ, 'ವಿಂಡೋಸ್ ಅಲ್ಲದಿದ್ದರೆ ಮಾತ್ರ' ಎಂಬಂಥ ಮಾರ್ಕರ್‌ಗಳನ್ನು (ಪ್ಯಾಕೇಜ್ ಯಾವಾಗ ಬೇಕೆಂದು ಹೇಳುವ ಷರತ್ತುಗಳು) ಅದು ತಾನು ಓಡುತ್ತಿರುವ ಯಂತ್ರಕ್ಕೇ ಹೋಲಿಸಿ ನೋಡುತ್ತದೆ. ವಿಂಡೋಸ್‌ನ ಫ್ರೀಜ್ ಪಟ್ಟಿಯ ದೋಷವೂ ಇದೇ ಬಗೆಯದು. ವೆಬ್ ಸರ್ವರ್ ಆದ ಯೂವಿಕಾರ್ನ್‌ನ 'ಸ್ಟ್ಯಾಂಡರ್ಡ್' ಆಯ್ಕೆಯೊಂದಿಗೆ ಲಿನಕ್ಸ್‌ನಲ್ಲಿ ಬರಬೇಕಾದ ಯೂವಿಲೂಪ್ (ವೇಗದ ಇವೆಂಟ್ ಲೂಪ್) ವಿಂಡೋಸ್‌ನಲ್ಲಿ ಬರುವುದೇ ಇಲ್ಲ. ಪಟ್ಟಿಯಿಂದ ಅದು ಬಿಟ್ಟುಹೋದರೆ ಯಾವ ಎರರ್ ಕೂಡ ಕಾಣದೆ ಸರ್ವರ್ ಸಾಮಾನ್ಯ ಇವೆಂಟ್ ಲೂಪ್‌ನಲ್ಲೇ ಓಡುತ್ತಿರುತ್ತದೆ. ನೇರ ಡಿಪೆಂಡೆನ್ಸಿಗಳನ್ನಷ್ಟೇ ಕೈಯಿಂದ ಬರೆದು, ಪ್ಯಾಕೇಜ್ ನಿರ್ವಹಿಸುವ 'ಯುವಿ' ಉಪಕರಣದ ಕಂಪೈಲ್ ಆದೇಶವನ್ನು 'ಯೂನಿವರ್ಸಲ್' (ಎಲ್ಲ ಪ್ಲಾಟ್‌ಫಾರ್ಮ್‌ಗಳಿಗೂ ಒಂದೇ ಪಟ್ಟಿ) ಆಯ್ಕೆಯೊಂದಿಗೆ ನಡೆಸಿ ಪಟ್ಟಿಯನ್ನು ಹೊಸದಾಗಿ ಪಡೆಯಿರಿ.

ಆಲ್ಪೈನ್ ವಿಚಾರ ಬೇರೆಯೇ. ಅದರ ಸಿ ಲೈಬ್ರರಿ ಮಸಲ್ ಆದ್ದರಿಂದ ಮೆನಿಲಿನಕ್ಸ್ ವ್ಹೀಲ್‌ಗಳು ಅಲ್ಲಿ ಲೆಕ್ಕಕ್ಕಿಲ್ಲ. 2021ರ ಪೆಪ್ 656 (ಪೈಥಾನ್‌ನ ಪ್ರಸ್ತಾವನಾ ದಾಖಲೆ) ನಿಗದಿಪಡಿಸಿದ 'ಮಸಲ್‌ಲಿನಕ್ಸ್' ಟ್ಯಾಗ್ ಇರುವ ವ್ಹೀಲ್‌ಗಳೇ ಬೇಕು. ಎರಡೂ ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ದೋಷ ಯಾವುದರಿಂದ ಬಂತೆಂದು ಹುಡುಕುವುದೇ ಕೆಲಸವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲು ಡೆಬಿಯನ್ ಸ್ಲಿಮ್ ಇಮೇಜ್‌ನಲ್ಲೇ ಆರ್ಮ್‌ಗೆ ಹೋಗಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಆಲ್ಪೈನ್ ಮಾತನ್ನು ಸದ್ಯಕ್ಕೆ ಕೈಬಿಡುತ್ತೇವೆ. ಎಲ್ಲಕ್ಕೂ ವ್ಹೀಲ್ ಸಿಕ್ಕಿತೆಂದರೆ ಪರಿಶೀಲನೆ ಮುಗಿಯಿತೆಂದು ಭಾವಿಸಬಹುದೇ?

ಉತ್ತರ 3

ಇಲ್ಲ. ನಿಮ್ಮ ಪಟ್ಟಿಯಲ್ಲಿರುವ ಪೈಥಾನ್-ಮ್ಯಾಜಿಕ್ ಅನ್ನೇ ನೋಡಿ. ಅದರ ವ್ಹೀಲ್ 'ನನ್-ಎನಿ'. ಎಲ್ಲೆಡೆ ಇನ್‌ಸ್ಟಾಲ್ ಆಗುತ್ತದೆ. ಆದರೆ ಅದು ಸಿಟೈಪ್ಸ್ (ಪೈಥಾನ್‌ನಿಂದ ಸಿ ಲೈಬ್ರರಿಗಳನ್ನು ಕರೆಯುವ ಮಾಡ್ಯೂಲ್) ಮೂಲಕ ಸಿಸ್ಟಮ್‌ನ ಲಿಬ್‌ಮ್ಯಾಜಿಕ್ ಲೈಬ್ರರಿಯನ್ನು ಕರೆಯುತ್ತದೆ; ಅದಿಲ್ಲದ ಇಮೇಜ್‌ನಲ್ಲಿ ಇಂಪೋರ್ಟ್ ಸಾಲಿನಲ್ಲೇ ಎಡವುತ್ತದೆ. ಇಂಥದ್ದನ್ನು ಯಾವ ಟ್ಯಾಗೂ ಹೇಳುವುದಿಲ್ಲ. ಡಾಕರ್ ಬಿಲ್ಡ್‌ಎಕ್ಸ್ (ಬೇರೆ ಪ್ರೊಸೆಸರ್‌ಗೂ ಇಮೇಜ್ ಕಟ್ಟುವ ಉಪಕರಣ) ಮತ್ತು ಕ್ಯೂಎಮ್ಯು (ಬೇರೆ ಪ್ರೊಸೆಸರನ್ನು ಅನುಕರಿಸುವ ಎಮ್ಯುಲೇಟರ್) ಬಳಸಿ ಇಂಟೆಲ್ ಯಂತ್ರದಲ್ಲೇ ಆರ್ಮ್ 64 ಇಮೇಜ್ ಕಟ್ಟಿ, ಅದರೊಳಗೆ ಪ್ರತಿ ಪ್ಯಾಕೇಜನ್ನೂ ಒಮ್ಮೆ ಇಂಪೋರ್ಟ್ ಮಾಡಿಸಿ, ಬಳಿಕ ನಿಮ್ಮ ಟೆಸ್ಟ್‌ಗಳನ್ನು ನಡೆಸಿ. ನಿಧಾನವಾಗುತ್ತದೆ, ಆದರೆ ತಪ್ಪಿಹೋದ ಲೈಬ್ರರಿಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ವೇಗದ ಅಳತೆಯನ್ನು ಮಾತ್ರ ಎಮ್ಯುಲೇಷನ್‌ನಲ್ಲಿ ತೆಗೆಯಬೇಡಿ. ಅದಕ್ಕೆ ನಿಜವಾದ ಆರ್ಮ್ ಯಂತ್ರವೇ ಬೇಕು.