ಡ್ರಿಲ್ ಕೆಳಗೆ ಅಗ್ಗದ ಕ್ರಾಸ್ ಸ್ಲೈಡ್ ಟೇಬಲ್ ಹಾಕಿ ಮಿಲ್ಲಿಂಗ್: ಬಳಸಿದವರು ಹೇಳಿ

ಮೈಸೂರಿನಿಂದ ಪ್ರಶ್ನೆ

ಮನೆ ಹಿಂದಿನ ಶೆಡ್ಡಿನಲ್ಲಿ 13 ಮಿ.ಮೀ. ಚಕ್ ಇರುವ ಬೆಂಚ್ ಡ್ರಿಲ್ ಇದೆ. ಟೆಲಿಸ್ಕೋಪಿನ ಫೋಕಸರ್‌ಗೆ ಮೋಟಾರ್ ಕೂರಿಸಬೇಕು. 6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟಿನಲ್ಲಿ ನೆಮಾ 17 ಅಳತೆಯ ಸ್ಟೆಪ್ಪರ್ ಮೋಟಾರಿಗೆ ಒಂದು ಬ್ರಾಕೆಟ್, ಬೆಲ್ಟ್ ಬಿಗಿ ಮಾಡಲು ಎರಡು ಉದ್ದ ಸ್ಲಾಟ್, ಸದ್ಯಕ್ಕೆ ಇಷ್ಟೇ ಕೆಲಸ. ಮುಂದೆ ಇಂಥದ್ದೇ ಬರುತ್ತಿರುತ್ತದೆ. ಮಿಲ್ಲಿಂಗ್ ಮಷೀನ್ ತೆಗೆದುಕೊಳ್ಳುವಷ್ಟು ದುಡ್ಡೂ ಇಲ್ಲ, ಜಾಗವೂ ಇಲ್ಲ. ಆನ್‌ಲೈನಿನಲ್ಲಿ ಕೆಲವು ಸಾವಿರಕ್ಕೆ ಬೀಡಿನ (ಎರಕದ ಕಬ್ಬಿಣದ) ಕ್ರಾಸ್ ಸ್ಲೈಡ್ ಟೇಬಲ್, ಅಂದರೆ ಹ್ಯಾಂಡಲ್ ತಿರುಗಿಸಿ ಉದ್ದಕ್ಕೂ ಅಡ್ಡಕ್ಕೂ ಸರಿಸುವ ಟೇಬಲ್, ಸಿಗುತ್ತಿದೆ. ಅದನ್ನು ಡ್ರಿಲ್ ಕೆಳಗೆ ಕೂರಿಸಿ, ಚಕ್ಕಿಗೆ ಎಂಡ್ ಮಿಲ್ (ಪಕ್ಕದಲ್ಲೂ ಕತ್ತರಿಸುವ ಕಟ್ಟರ್) ಹಾಕಿದರೆ ಕೆಲಸ ಆಗುತ್ತದಾ? ಇಲ್ಲಾ ಸುಮ್ನೆ ದುಡ್ಡು ದಂಡವಾ?

ತುಮಕೂರಿನಿಂದ (ಐಟಿಐ ಮಾಡಿ ಟೂಲ್ ರೂಮಿನಲ್ಲಿ ಇದ್ದವನು)

ಆಗುತ್ತದೆ. ಆದರೆ ಎಲ್ಲರೂ ಟೇಬಲ್ ಹೇಗಿದೆ ಅಂತಲೇ ಕೇಳುತ್ತಾರೆ. ತೊಂದರೆ ಇರುವುದು ಅದರ ಮೇಲೆ ತಿರುಗುವ ಸ್ಪಿಂಡಲ್ಲಿನಲ್ಲಿ. ಟೇಬಲ್ಲಿನ ಐಬನ್ನು ರಜೆ ದಿನ ಕೂತು ಮುಕ್ಕಾಲು ಪಾಲು ಸರಿ ಮಾಡಬಹುದು. ಡ್ರಿಲ್ಲಿನ ಸ್ಪಿಂಡಲ್ಲನ್ನು ಹಾಗೆ ಸರಿ ಮಾಡಲು ಆಗಲ್ಲ.

ಯಾಕೆ ಅಂತ ಹೇಳುತ್ತೇನೆ. ಡ್ರಿಲ್ ಬಿಟ್ ಕೆಳಕ್ಕೆ ಒತ್ತುತ್ತದೆ, ಅಂದರೆ ಬಲವೆಲ್ಲ ನೇರ ಮೇಲಕ್ಕೆ ಸ್ಪಿಂಡಲ್ ಒಳಕ್ಕೆ ಹೋಗುತ್ತದೆ. ಚಕ್ ಹಿಡಿದಿರುವುದು ಮೋರ್ಸ್ ಟೇಪರ್ ಎಂಬ, ತುದಿಗೆ ಸಣ್ಣಗಾಗುತ್ತಾ ಹೋಗುವ ದಂಡದ ಮೇಲೆ, ಬರೀ ಉಜ್ಜುವ ಬಿಗಿಯಲ್ಲಿ. ಒತ್ತಿದಷ್ಟೂ ಟೇಪರ್ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಎಂಡ್ ಮಿಲ್ ಮಾಡುವುದು ಇದಕ್ಕೆ ಉಲ್ಟಾ. ಪಕ್ಕಕ್ಕೆ ತಳ್ಳುತ್ತದೆ, ನಡುಗಿಸುತ್ತದೆ, ಜೊತೆಗೆ ಅದರ ಸುರುಳಿ ಹಲ್ಲು ತನ್ನನ್ನೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಟೇಪರ್ ಸಡಿಲ. ತಿರುಗುತ್ತಿರುವ ಚಕ್ ಕೆಳಕ್ಕೆ ಬಿದ್ದರೆ ಮಾಲು ಹೋಗುವುದು ಬಿಡಿ, ಕೈಯೂ ಹೋಗುತ್ತದೆ. ಮಿಲ್ಲಿಂಗ್ ಮಷೀನಿನಲ್ಲಿ ಮೇಲಿನಿಂದ ಡ್ರಾ ಬಾರ್ ಎಂಬ ಉದ್ದ ಬೋಲ್ಟ್ ಟೇಪರನ್ನು ಎಳೆದು ಹಿಡಿದಿರುವುದು ಇದಕ್ಕೇ. ಬೆಂಚ್ ಡ್ರಿಲ್ಲಿನ ಸ್ಪಿಂಡಲ್ ಸಾಮಾನ್ಯವಾಗಿ ಆರಪಾರ ತೂತು ಇರುವುದಿಲ್ಲ, ಡ್ರಾ ಬಾರ್ ಹಾಕಲು ದಾರಿಯೇ ಇರಲ್ಲ.

ಹಾಗಾಗಿ ಮೊದಲು ನಿಮ್ಮ ಚಕ್ ಕಳಚಿ ನೋಡಿ. ಕೆಲವು ಸಣ್ಣ ಡ್ರಿಲ್‌ಗಳಲ್ಲಿ ಚಕ್ಕನ್ನು ಥ್ರೆಡ್ಡಿಗೆ ತಿರುಗಿಸಿ ಕೂರಿಸಿರುತ್ತಾರೆ. ಅದು ಉದುರಲ್ಲ, ಆ ಮಟ್ಟಿಗೆ ನೀವು ಪುಣ್ಯವಂತರು. ಟೇಪರ್ ಆದರೆ ಹುಷಾರು. ಆಮೇಲೆ ಕ್ವಿಲ್ (ಸ್ಪಿಂಡಲ್ಲನ್ನು ಹಿಡಿದು ಮೇಲೆ ಕೆಳಗೆ ಹೋಗುವ ಕೊಳವೆ) ಪೂರ್ತಿ ಕೆಳಕ್ಕೆ ಇಳಿಸಿ ಚಕ್ಕನ್ನು ಪಕ್ಕಕ್ಕೆ ಅಲ್ಲಾಡಿಸಿ. ಕೈಗೇ ಲೊಟಲೊಟ ಅಂತ ಗೊತ್ತಾದರೆ ಆ ಡ್ರಿಲ್ಲಿನಲ್ಲಿ ಮಿಲ್ಲಿಂಗ್ ಆಸೆ ಬಿಡಿ. ಕ್ವಿಲ್ ಮೇಲಿದ್ದಾಗ ಪ್ಲೇ (ಅಲ್ಲಾಟ) ಕಡಿಮೆ. ಅದಕ್ಕೇ ಮಾಲನ್ನು ಮೇಲೆತ್ತಿ ಕಟ್ಟಿ, ಕ್ವಿಲ್ಲನ್ನು ಆದಷ್ಟು ಒಳಗೇ ಇಟ್ಟು, ಲಾಕ್ ಮಾಡಿ ಕೆಲಸ ಮಾಡಬೇಕು. ಲಾಕ್ ಇಲ್ಲದಿದ್ದರೆ ಡೆಪ್ತ್ ಸ್ಟಾಪ್ ನಟ್ಟನ್ನೇ ಬಳಸಿಕೊಳ್ಳಿ. ಆದರೆ ಅದು ಕೆಳಕ್ಕೆ ಹೋಗುವುದನ್ನು ಮಾತ್ರ ತಡೆಯುತ್ತದೆ.

ಡ್ರಿಲ್ ಚಕ್ಕಿನ ಮೂರು ದವಡೆ ಎಂಡ್ ಮಿಲ್ಲಿನ ಗಟ್ಟಿ ಶ್ಯಾಂಕನ್ನು ಮೂರು ಗೆರೆಯಲ್ಲಿ ಅಷ್ಟೇ ಹಿಡಿಯುತ್ತದೆ. ಅದು ಮೆಲ್ಲಗೆ ಕೆಳಕ್ಕೆ ಜಾರುತ್ತಾ ಬರುತ್ತದೆ. ನೀವು 0.3 ಮಿ.ಮೀ. ಆಳ ಅಂತ ಶುರು ಮಾಡಿದ ಸ್ಲಾಟ್ ಕೊನೆಯಲ್ಲಿ ಇನ್ನೂ ಆಳವಾಗಿರುತ್ತದೆ. ಎಂಟಿ2 (ಮೋರ್ಸ್ ಟೇಪರ್ 2) ಶ್ಯಾಂಕಿನ ಇಆರ್ ಕೊಲೆಟ್ ಚಕ್, ಅಂದರೆ ಕಟ್ಟರನ್ನು ಸುತ್ತಲೂ ಅಪ್ಪಿ ಹಿಡಿಯುವ ಚಕ್, ಹಾಕಿದರೆ ಹಿಡಿತ ಎಷ್ಟೋ ವಾಸಿ. ಆದರೆ ಟೇಪರ್ ಉದುರುವ ಭಯ ಹಾಗೇ ಉಳಿಯುತ್ತದೆ, ಅದನ್ನು ಮರೆಯಬೇಡಿ.

ಐಟಿಐನಲ್ಲಿ ಎಚ್‌ಎಂಟಿ ಎಫ್‌ಎನ್2 ಮಿಲ್ಲಿಂಗ್ ಮಷೀನಿನ ಮೇಲೆ ಕೈ ಪಳಗಿಸಿದವರಿಗೆ ಇದೆಲ್ಲ ಆಟದ ಸಾಮಾನು ಅನ್ನಿಸುತ್ತದೆ. ಅನ್ನಿಸಲಿ. ಅಲ್ಯೂಮಿನಿಯಂ, ಹಿತ್ತಾಳೆ, ನೈಲಾನ್, ಡೆಲ್ರಿನ್, ಮರ: ಇವಿಷ್ಟಕ್ಕೆ ಸಾಕು. ಎಂ.ಎಸ್. (ಮೈಲ್ಡ್ ಸ್ಟೀಲ್) ಮುಟ್ಟದಿರುವುದೇ ಒಳ್ಳೆಯದು.

ಸ್ಪೀಡ್ ವಿಷಯ: ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟ್ಟರಿಗೆ ಅಲ್ಯೂಮಿನಿಯಂನಲ್ಲಿ ಹಲ್ಲಿನ ವೇಗ ನಿಮಿಷಕ್ಕೆ 60 ಮೀಟರ್ ಅಂತ ಇಟ್ಟರೂ 6 ಮಿ.ಮೀ. ಎಂಡ್ ಮಿಲ್ಲಿಗೆ ಹತ್ತಿರ ಹತ್ತಿರ 3200 ಆರ್‌ಪಿಎಂ ಬೇಕು. ಬೆಂಚ್ ಡ್ರಿಲ್ ಅಷ್ಟು ಓಡುವುದು ಅಪರೂಪ. ಬೆಲ್ಟನ್ನು ಅತಿ ಹೆಚ್ಚಿನ ಸ್ಪೀಡಿಗೆ ಹಾಕಿಬಿಡಿ, ಅಷ್ಟೇ. ಎರಡು ಹಲ್ಲಿನ ಕಟ್ಟರ್ ತನ್ನಿ. ನಾಲ್ಕು ಹಲ್ಲಿನದರಲ್ಲಿ ಅಲ್ಯೂಮಿನಿಯಂ ಕಟ್ಟಿಕೊಂಡು ಬಿಡುತ್ತದೆ. ಬ್ರಷ್ಷಿನಲ್ಲಿ ಆಗಾಗ ಸೀಮೆಎಣ್ಣೆಯೋ ಡಬ್ಲ್ಯೂಡಿ-40ಯೋ ಸವರುತ್ತಿರಿ.

ಬೆಳಗಾವಿಯಿಂದ

ಸ್ಪಿಂಡಲ್ ಬಗ್ಗೆ ಮೇಲಿನವರು ಹೇಳಿದ್ದು ನೂರಕ್ಕೆ ನೂರು. ನಾನು ಟೇಬಲ್ ಬಗ್ಗೆ ಹೇಳುತ್ತೇನೆ. ಫಿಟ್ಟರ್ ಕೆಲಸ ನನ್ನದು, ಇಂಥ ಟೇಬಲ್‌ಗಳನ್ನು ಬಿಚ್ಚಿ ಜೋಡಿಸಿಕೊಟ್ಟಿದ್ದೇನೆ.

ಪೆಟ್ಟಿಗೆಯಿಂದ ತೆಗೆದ ಟೇಬಲ್ ಅನ್ನು ಟೇಬಲ್ ಅಂದುಕೊಳ್ಳಬೇಡಿ. ಅದೊಂದು ಬಿಡಿ ಭಾಗಗಳ ಕಿಟ್. ಪೂರ್ತಿ ಬಿಚ್ಚಿ. ಡವ್‌ಟೇಲ್ (ಟೇಬಲ್ ಜಾರುವ ಓರೆ ಅಂಚಿನ ಜಾಡು) ಸಂದಿಯಲ್ಲಿ ಬಣ್ಣ ಇರುತ್ತದೆ, ಮೂಲೆಯಲ್ಲಿ ಬೀಡಿನ ಮರಳು ಇರುತ್ತದೆ, ತುಕ್ಕು ಹಿಡಿಯದಿರಲಿ ಅಂತ ಬಳಿದ ಅಂಟು ಗ್ರೀಸು ಎಲ್ಲವನ್ನೂ ಹಿಡಿದುಕೊಂಡಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಅಂಚುಗಳ ಮೇಲೆ ಬೆರಳು ಆಡಿಸಿದರೆ ಬರ್ (ಲೋಹದ ಚೂಪು ಮುಳ್ಳು) ಚುಚ್ಚುತ್ತದೆ. ಸಣ್ಣ ಅರದಲ್ಲಿ ಮೆಲ್ಲಗೆ ತೆಗೆಯಿರಿ, ಜಾರುವ ಮುಖಕ್ಕೆ ಅರ ತಾಗಿಸಬೇಡಿ.

ಆಮೇಲೆ ಜಿಬ್. ಬಾಗಿಲ ಸಂದಿಗೆ ಬೆಣೆ ಸಿಗಿಸಿದ ಹಾಗೆ, ಡವ್‌ಟೇಲ್ ಪಕ್ಕದ ಸಂದಿಯಲ್ಲಿ ಕೂರುವ ಉದ್ದ ಪಟ್ಟಿ ಅದು. ಅಗ್ಗದ ಟೇಬಲ್ಲಿನಲ್ಲಿ ಈ ಪಟ್ಟಿಗೆ ಸ್ಕ್ರೂ ತುದಿ ಕೂರಲು ಗುಳಿಯೇ ಸರಿಯಾಗಿ ಇರುವುದಿಲ್ಲ. ಟೇಬಲ್ ಹಿಂದೆ ಮುಂದೆ ಹೋದಾಗ ಪಟ್ಟಿಯೂ ಜೊತೆಗೆ ಸರಿಯುತ್ತದೆ. ನೀವು ಎಷ್ಟು ಬಿಗಿ ಮಾಡಿದರೂ ಒಂದು ದಿಕ್ಕಿಗೆ ಟೈಟ್, ಇನ್ನೊಂದು ದಿಕ್ಕಿಗೆ ಲೂಸ್. ಸ್ಕ್ರೂ ಇರುವ ಜಾಗಗಳಿಗೆ ಗುರುತು ಹಾಕಿ, ಪಟ್ಟಿಯಲ್ಲಿ ಡ್ರಿಲ್ ತುದಿಯಿಂದ ಸಣ್ಣ ಗುಳಿ ಮಾಡಿ. ಸ್ಕ್ರೂ ತುದಿಯನ್ನೂ ಅದಕ್ಕೆ ಹೊಂದುವ ಹಾಗೆ ಚೂಪು ಮಾಡಿ. ಈ ಒಂದು ಕೆಲಸದಿಂದ ಟೇಬಲ್ಲಿನ ಗುಣವೇ ಬದಲಾಗುತ್ತದೆ.

ಬಿಗಿ ಮಾಡುವಾಗ ಅಲೆನ್ ಕೀಲಿಯಲ್ಲಿ ಸ್ಕ್ರೂ ಹಿಡಿದುಕೊಂಡೇ ಲಾಕ್ ನಟ್ ತಿರುಗಿಸಿ. ಇಲ್ಲದಿದ್ದರೆ ನಟ್ ಜೊತೆ ಸ್ಕ್ರೂ ತಿರುಗಿ ಲೆಕ್ಕವೆಲ್ಲ ತಪ್ಪುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಉದ್ದಕ್ಕೂ ಒಂದೇ ಸಮ ಸ್ವಲ್ಪ ಬಿಗಿ ಅನ್ನಿಸಬೇಕು. ಮಧ್ಯದಲ್ಲಿ ಸರಿ ಇದ್ದು ತುದಿಯಲ್ಲಿ ಸಿಕ್ಕಿಕೊಂಡರೆ ಡವ್‌ಟೇಲ್ ಸಮಾನಾಂತರ ಇಲ್ಲ ಅಂತ ಅರ್ಥ. ಪ್ರಷ್ಯನ್ ಬ್ಲೂ (ಎಲ್ಲಿ ತಾಗುತ್ತದೆ ಅಂತ ತೋರಿಸುವ ಬಣ್ಣ) ಹಚ್ಚಿ ಕೆರೆಯುವ ತಾಳ್ಮೆ ಇದ್ದರೆ ಮಾಡಿ, ಇಲ್ಲದಿದ್ದರೆ ಮಧ್ಯಭಾಗವನ್ನೇ ಬಳಸಿ. ಹವ್ಯಾಸಕ್ಕೆ ಅಷ್ಟು ಸಾಕು.

ಇನ್ನು ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸಿದಾಗ ಟೇಬಲ್ ಕದಲದೆ ಹ್ಯಾಂಡಲ್ ಮಾತ್ರ ತಿರುಗುವ ಸಡಿಲ. ಎಲ್ಲರೂ ಒಳಗಿನ ನಟ್ಟನ್ನು ಬೈಯುತ್ತಾರೆ. ನನ್ನ ಕೈಗೆ ಬಂದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲೇ ಇದ್ದದ್ದು ಹ್ಯಾಂಡಲ್ ಕಡೆ, ಸ್ಕ್ರೂವಿನ ಕಾಲರ್ ಹತ್ತಿರ. ನೋಡುವುದು ಸುಲಭ: ಹ್ಯಾಂಡಲ್ ತಿರುಗದಂತೆ ಹಿಡಿದು ಟೇಬಲ್ಲನ್ನು ತಳ್ಳಿ, ಎಳೆಯಿರಿ. ಸ್ಕ್ರೂವೇ ಹಿಂದೆ ಮುಂದೆ ಬಂದರೆ ಕಾಲರ್ ತಪ್ಪು. ಅಲ್ಲಿ ತೆಳು ಹಿತ್ತಾಳೆ ಶಿಮ್ ಹಾಕಿ. ಜಾಗ ಇದ್ದು, ಸ್ಕ್ರೂವಿನ ಆ ಭಾಗ 10 ಮಿ.ಮೀ. ಇದ್ದರೆ 51100 ಥ್ರಸ್ಟ್ ಬೇರಿಂಗ್ ಕೂರಿಸಬಹುದು. 24 ಮಿ.ಮೀ. ಹೊರ ಅಳತೆ, 9 ಮಿ.ಮೀ. ದಪ್ಪ. ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ.

ಡಯಲ್ಲನ್ನೂ ನಂಬಬೇಡಿ. ಹತ್ತು ಸುತ್ತು ತಿರುಗಿಸಿ, ಟೇಬಲ್ ಎಷ್ಟು ಸರಿಯಿತು ಅಂತ ವರ್ನಿಯರ್ ಹಿಡಿದು ನೋಡಿ. ಡಯಲ್ ಮೇಲೆ ಬರೆದಿರುವುದಕ್ಕೂ ಸ್ಕ್ರೂವಿನ ಪಿಚ್‌ಗೂ ಸಂಬಂಧ ಇಲ್ಲದ ಟೇಬಲ್‌ಗಳೂ ಇರುತ್ತವೆ.

ಭಾರದ ವಿಷಯ ಒಂದು. ಬೀಡಿನ ಟೇಬಲ್, ಅದರ ಮೇಲೆ ವೈಸ್, ಅದರ ಮೇಲೆ ಮಾಲು. ಡ್ರಿಲ್ಲಿನ ಸ್ವಂತ ಟೇಬಲ್ ಒಂದೇ ಕಂಬಕ್ಕೆ ಪಕ್ಕದಿಂದ ನೇತಾಡುತ್ತಿರುತ್ತದೆ, ಮುಂದಕ್ಕೆ ಬಾಗುತ್ತದೆ. ಕೆಳಗಿನ ಬೇಸಿನಿಂದ ಅದಕ್ಕೊಂದು ಸಣ್ಣ ಸ್ಕ್ರೂ ಜಾಕ್ ಕೊಡಿ. ಇನ್ನೊಂದು: ಕಂಬ ದುಂಡಗಿದೆ. ಕೆಲಸದ ಮಧ್ಯೆ ಟೇಬಲ್ ಎತ್ತರ ಬದಲಿಸಿದರೆ ಅದು ಪಕ್ಕಕ್ಕೂ ತಿರುಗುತ್ತದೆ, ನೀವು ಹಿಡಿದಿದ್ದ ಸೊನ್ನೆ ಹೋಯಿತು. ಉದ್ದದ ಡ್ರಿಲ್ ಬಿಟ್ಟಿಗೂ ಗಿಡ್ಡ ಎಂಡ್ ಮಿಲ್ಲಿಗೂ ಒಂದೇ ಎತ್ತರ ಸಾಕಾಗುತ್ತದಾ ಅಂತ ಶುರು ಮಾಡುವ ಮೊದಲೇ ನೋಡಿಕೊಳ್ಳಿ.

ಸ್ಟುಟ್‌ಗಾರ್ಟಿನಿಂದ

ನನ್ನ ಹತ್ತಿರ ಪ್ರಾಕ್ಸಾನ್ ಕಂಪನಿಯ ಕೆಟಿ 70 ಟೇಬಲ್ ಇದೆ. ಅಲ್ಯೂಮಿನಿಯಂದು, 200 × 70 ಮಿ.ಮೀ. ಓಡಾಟ ಒಂದು ಕಡೆ 134, ಇನ್ನೊಂದು ಕಡೆ ಬರೀ 46 ಮಿ.ಮೀ. ಒಂದು ಸುತ್ತಿಗೆ 1 ಮಿ.ಮೀ. ಆದ್ದರಿಂದ ಲೆಕ್ಕ ಸುಲಭ. ಬಿಚ್ಚಿ ತೊಳೆಯುವ ಕಷ್ಟ ಇರಲಿಲ್ಲ. ಆದರೆ ಸಣ್ಣದು, ನಿಮ್ಮ ವೈಸ್ ಇಟ್ಟರೆ ಜಾಗವೇ ಮುಗಿಯುತ್ತದೆ. ನಿಮ್ಮ ಡ್ರಿಲ್ಲಿಗೆ ಬೀಡಿನದೇ ಸರಿ, ತೂಕ ಇದ್ದಷ್ಟೂ ನಡುಕ ಕಡಿಮೆ.

ರಾಜಾಜಿನಗರದಿಂದ

ಒಂದು ಮಾತು ಯಾರೂ ಹೇಳಲಿಲ್ಲ. ಈ ಟೇಬಲ್ಲಿನ ನಿಜವಾದ ಲಾಭ ಮಿಲ್ಲಿಂಗ್ ಅಲ್ಲ, ಅಳತೆಗೆ ಸರಿಯಾಗಿ ತೂತು ಕೊರೆಯುವುದು. ನನ್ನ ಟೇಬಲ್ ತೂತಿಗೇ ಹೆಚ್ಚು ದುಡಿಯುತ್ತದೆ.

ನಿಮ್ಮ ನೆಮಾ 17 ಅನ್ನೇ ತೆಗೆದುಕೊಳ್ಳಿ. ನಾಲ್ಕು ಎಂ3 ತೂತು, 31 ಮಿ.ಮೀ. ಚೌಕ. ಸೆಂಟರ್ ಪಂಚ್ ಹೊಡೆದು ಕೈಯಲ್ಲಿ ಕೊರೆದರೆ ಮೂರು ಸ್ಕ್ರೂ ಕೂರುತ್ತವೆ, ನಾಲ್ಕನೆಯದು ಹಟ ಮಾಡುತ್ತದೆ, ಅಲ್ವಾ? ಟೇಬಲ್ ಇದ್ದರೆ ಮೊದಲ ತೂತಿಗೆ ಬಂದು ಡಯಲ್ ಸೊನ್ನೆ ಮಾಡಿ. ಹ್ಯಾಂಡಲ್ಲಿನ ಒಂದು ಸುತ್ತಿಗೆ 2 ಮಿ.ಮೀ. ಆದರೆ ಹದಿನೈದೂವರೆ ಸುತ್ತು. ಒಂದು ಸುತ್ತಿಗೆ 4 ಮಿ.ಮೀ. ಆದರೆ ಏಳು ಸುತ್ತು, ಮೇಲೆ 3 ಮಿ.ಮೀ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಿ. ದಾಟಿ ಹೋದರೆ ಅಷ್ಟೇ ವಾಪಸ್ ತಿರುಗಿಸಿದರೆ ಸಾಲದು. ಅರ್ಧ ಸುತ್ತು ಹೆಚ್ಚಾಗಿಯೇ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಹೀಗೆ ಮಾಡಿದರೆ ಬ್ಯಾಕ್‌ಲ್ಯಾಶ್ ಎಷ್ಟಿದ್ದರೂ ತೂತಿಗೆ ತಾಗುವುದಿಲ್ಲ. ಮೊದಲು ಗಿಡ್ಡ ಸೆಂಟರ್ ಡ್ರಿಲ್, ಆಮೇಲೆ ಬಿಟ್. ಉದ್ದ ಬಿಟ್ ನೇರವಾಗಿ ಇಳಿಸಿದರೆ ತುದಿ ಅಲೆಯುತ್ತದೆ, ಟೇಬಲ್ಲಿನ ಲಾಭವೇ ಹೋಗುತ್ತದೆ.

ಸ್ಲಾಟಿಗೂ ಇದೇ ಉಪಾಯ. ಎಂ5 ಬೋಲ್ಟಿಗೆ 5.5 ಮಿ.ಮೀ. ಅಗಲ ಬೇಕು ಅನ್ನಿ. 5 ಮಿ.ಮೀ. ಬಿಟ್ಟಿನಲ್ಲಿ 5.5 ಮಿ.ಮೀ.ಗೆ ಒಂದರಂತೆ ಸಾಲಾಗಿ ತೂತು ಕೊರೆಯಿರಿ. ಮಧ್ಯೆ ಉಳಿಯುವುದು ಅರ್ಧ ಮಿ.ಮೀ. ಗೋಡೆ. ಈಗ 5 ಮಿ.ಮೀ. ಎಂಡ್ ಮಿಲ್ ಹಾಕಿ ಆ ಗೋಡೆಗಳನ್ನು ಮಾತ್ರ ತೆಗೆಯಿರಿ. ಕೊನೆಗೆ ಎರಡೂ ಬದಿ ಕಾಲು ಕಾಲು ಮಿ.ಮೀ. ಸವರಿ. ಸ್ಪಿಂಡಲ್ಲಿಗೆ ಬೀಳುವ ಪಕ್ಕದ ಒತ್ತಡ ಎಷ್ಟೋ ಕಮ್ಮಿ.

ಸವರುವಾಗ ದಿಕ್ಕು ನೋಡಿ. ಕಟ್ಟರಿನ ಹಲ್ಲು ಮಾಲನ್ನು ಯಾವ ಕಡೆ ತಳ್ಳುತ್ತದೋ ಅದಕ್ಕೆ ಎದುರಾಗಿ ಟೇಬಲ್ ಸಾಗಬೇಕು. ಅದೇ ಕಡೆ ಸಾಗಿಸಿದರೆ ಬ್ಯಾಕ್‌ಲ್ಯಾಶ್ ಇರುವಷ್ಟು ದೂರ ಮಾಲು ತಾನಾಗಿಯೇ ಕಟ್ಟರಿನ ಕೆಳಗೆ ನುಗ್ಗುತ್ತದೆ. ಟಕ್ ಅಂತ ಎಂಡ್ ಮಿಲ್ ಎರಡು ತುಂಡು. ಓಡಿಸದ ಕಡೆಯ ಜಿಬ್ ಸ್ಕ್ರೂ ಒಂದನ್ನು ಬಿಗಿ ಮಾಡಿ ಲಾಕ್ ಮಾಡಿಬಿಡಿ.

ಕನ್ನಡಕ ಬೇಕೇ ಬೇಕು. ಕೈಗವಸು ಬೇಡವೇ ಬೇಡ, ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಚೂರು ತೆಗೆಯಲು ಬ್ರಷ್.

ಕೇಳಿದವರು, ಮೈಸೂರು

ಚಕ್ ಕಳಚಿ ನೋಡಿದೆ, ಟೇಪರ್. ಕ್ವಿಲ್ ಮೇಲಿದ್ದಾಗ ಅಲ್ಲಾಡುತ್ತಿಲ್ಲ, ಪೂರ್ತಿ ಇಳಿಸಿದರೆ ಸ್ವಲ್ಪ ಇದೆ. ಹಾಗಾದರೆ ಟೇಬಲ್ ತರಿಸುತ್ತೇನೆ, ತೂತಿಗೆ ಮತ್ತು ಈ ಥರ ಸವರುವುದಕ್ಕೆ. ಮೋಟಾರಿನ ಮಧ್ಯದ 22 ಮಿ.ಮೀ. ಉಬ್ಬಿಗೆ ದೊಡ್ಡ ತೂತು ಬೇಕಲ್ಲ, ಅದನ್ನು ಎಂಡ್ ಮಿಲ್ಲಿನಲ್ಲಿ ಸುತ್ತಿಸಬಹುದಾ?

ತುಮಕೂರಿನಿಂದ

ಬೇಡ. ಎರಡು ಹ್ಯಾಂಡಲ್ ಒಟ್ಟಿಗೆ ತಿರುಗಿಸಿ ದುಂಡು ತೆಗೆಯಲು ಯಾರ ಕೈಲೂ ಆಗಲ್ಲ. ನಾಲ್ಕು ತೂತಿನ ಸೆಂಟರಿಗೆ, ಅಂದರೆ ಎರಡೂ ಕಡೆ 15.5 ಮಿ.ಮೀ. ಸರಿಸಿ, ಅಲ್ಲಿ ಪೈಲಟ್ ತೂತು ಹಾಕಿ. ಮಾಲನ್ನು ಕದಲಿಸದೆ ಸ್ಪೀಡ್ ಇಳಿಸಿ, ಸ್ಟೆಪ್ ಡ್ರಿಲ್ಲಿನಲ್ಲಿ ಹಿಗ್ಗಿಸುತ್ತಾ ಹೋಗಿ. ಸ್ಟೆಪ್ ಡ್ರಿಲ್ಲಿನ ಮೆಟ್ಟಿಲು 6 ಮಿ.ಮೀ.ಗಿಂತ ಗಿಡ್ಡ ಇದ್ದರೆ ಪ್ಲೇಟ್ ತಿರುಗಿಸಿ ಆ ಕಡೆಯಿಂದಲೂ ಹಾಕಬೇಕಾಗುತ್ತದೆ. ಕೊನೆಗೆ 22ಕ್ಕೆ ಸ್ವಲ್ಪ ದೊಡ್ಡದಾದರೂ ಚಿಂತೆಯಿಲ್ಲ, ಮೋಟಾರನ್ನು ಹಿಡಿಯುವುದು ನಾಲ್ಕು ಸ್ಕ್ರೂ. ಅಷ್ಟೂ ಬೇಡ ಅಂದರೆ ಹೆಬ್ಬಾಳ, ಮೇಟಗಳ್ಳಿ ಕಡೆ ಲೇತ್ ಇರುವ ಶಾಪಿಗೆ ಪ್ಲೇಟ್ ಕೊಡಿ, ಬೋರ್ ಮಾಡಿಕೊಡುತ್ತಾರೆ. ಆದರೆ ನಾಲ್ಕು ತೂತು ಕೊರೆಯುವ ಮೊದಲು ಕೊಡಿ. ಬೋರ್ ಆದ ಮೇಲೆ ಅದರ ಸೆಂಟರ್ ಹಿಡಿದು ನಾಲ್ಕು ತೂತು ಹಾಕುವುದು ಸುಲಭ.